ಮಳೆಗಾಲಕ್ಕೆ ಮುನ್ನ ಹಳೆಯ ಬ್ಯಾಟರಿ: ಇಟ್ಟುಕೊಳ್ಳುವುದೇ, ಬದಲಿಸುವುದೇ?

ಕಿಗ್ಗದ ಋಷ್ಯಶೃಂಗೇಶ್ವರನಿಗೆ ಮಳೆ ಬರಲೆಂದು ಹರಕೆ ಹೊರುವವರುಂಟು; ಅತಿಯಾದ ಮಳೆ ನಿಲ್ಲಲೆಂದು ಹೊರುವವರೂ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದೆ ಸುರಿಯುವ ಈ ಸೀಮೆಯಲ್ಲಿ ತೋಟದ ಮನೆಗಳು ಒಂದರಿಂದೊಂದು ದೂರ. ಎಷ್ಟೋ ಮನೆಗಳಿಂದ ಡಾಂಬರು ರಸ್ತೆ ಸೇರಲು ಮಣ್ಣಿನ ಏರುದಾರಿಯನ್ನು ದಾಟಬೇಕು. ಕಿಗ್ಗದಿಂದ ಶೃಂಗೇರಿಗೆ ಮತ್ತೆ ಸುಮಾರು 10 ಕಿ.ಮೀ. ರಾತ್ರಿ ಹೊತ್ತು ಮನೆಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡರೆ, ಯಾರಿಗಾದರೂ ಹಾವು ಕಚ್ಚಿದರೆ ಅಥವಾ ವಯಸ್ಸಾದವರಿಗೆ ಎದೆನೋವು ಬಂದರೆ ಕೊಟ್ಟಿಗೆಯ ಪಕ್ಕ ನಿಂತಿರುವ ಜೀಪು, ಪಿಕಪ್ಪೇ ಗತಿ. ಆಗ ಕೀಲಿ ತಿರುಗಿಸಿದರೆ 'ಟಕ್' ಎಂಬ ಸದ್ದಷ್ಟೇ ಕೇಳಿ ಎಂಜಿನ್ ಸುಮ್ಮನಿದ್ದರೆ ಆಗುವ ನಷ್ಟವನ್ನು ರೂಪಾಯಿಗಳಲ್ಲಿ ಹೇಳಲಾಗದು.

ಹೀಗೆ ಕೈಕೊಡುವ ಬ್ಯಾಟರಿ ಅದೇ ದಿನ ಕೆಟ್ಟದ್ದಾಗಿರುವುದು ವಿರಳ. ತಿಂಗಳುಗಳ ಮೊದಲೇ ಅದು ಸೂಚನೆ ಕೊಟ್ಟಿರುತ್ತದೆ. ಆ ಸೂಚನೆಗಳನ್ನು ಮೇ ತಿಂಗಳಲ್ಲೇ ಅಳೆದು ನೋಡಿ, ಬ್ಯಾಟರಿಯನ್ನು ಇಟ್ಟುಕೊಳ್ಳಬೇಕೇ ಬದಲಿಸಬೇಕೇ ಎಂದು ತೀರ್ಮಾನಿಸುವ ಕ್ರಮವನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಕೆಡುವುದು ಬೇಸಿಗೆಯಲ್ಲಿ, ತಿಳಿಯುವುದು ಮಳೆಗಾಲದಲ್ಲಿ

ವಾಹನದ 12 ವೋಲ್ಟ್ ಬ್ಯಾಟರಿಯಲ್ಲಿ ಆರು ಸೆಲ್‌ಗಳಿರುತ್ತವೆ. ಪ್ರತಿ ಸೆಲ್‌ನಲ್ಲೂ ಸೀಸದ ಫಲಕಗಳು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಬ್ಯಾಟರಿ ಕರೆಂಟು ಕೊಡುವಾಗ ಆಮ್ಲವು ಫಲಕಗಳೊಡನೆ ಸೇರಿ ಸೀಸದ ಸಲ್ಫೇಟ್ ಆಗುತ್ತದೆ, ಉಳಿದ ದ್ರವ ತೆಳುವಾಗುತ್ತದೆ. ಚಾರ್ಜ್ ಮಾಡಿದಾಗ ಆಮ್ಲ ಮತ್ತೆ ದ್ರವಕ್ಕೆ ಮರಳುತ್ತದೆ. ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ಮಾಡಿ ತೋರಿಸಿದ ಈ ತತ್ತ್ವವೇ ಇಂದಿನ ಬ್ಯಾಟರಿಗಳಲ್ಲೂ ಇದೆ.

ಚಳಿಯಿಂದ ಬ್ಯಾಟರಿ ಕೆಡುತ್ತದೆ ಎಂಬ ಮಾತನ್ನು ನಾವು ಕೇಳುತ್ತೇವೆ. ಹಿಮ ಬೀಳುವ ದೇಶಗಳಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಬ್ಯಾಟರಿಯ ಎತ್ತುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುವುದು ನಿಜ. ನಮ್ಮ ಮಲೆನಾಡಿನ ಪುಷ್ಯ ಮಾಸದ ಚಳಿ ಅಷ್ಟು ಉಗ್ರವಲ್ಲ. ಇಲ್ಲಿ ಬ್ಯಾಟರಿಯ ನಿಜವಾದ ಶತ್ರು ಮಾರ್ಚ್‌ನಿಂದ ಮೇವರೆಗಿನ ಸೆಕೆ ಮತ್ತು ಬಾನೆಟ್ಟಿನೊಳಗಿನ ಎಂಜಿನ್ ಕಾವು. ಉಷ್ಣತೆ ಸುಮಾರು 10 ಡಿಗ್ರಿ ಹೆಚ್ಚಿದರೆ ಒಳಗಿನ ಸವೆತ ಹತ್ತಿರಹತ್ತಿರ ಇಮ್ಮಡಿಯಾಗುತ್ತದೆ. ನೀರು ಆರುತ್ತದೆ, ಫಲಕದ ಚೌಕಟ್ಟು ತುಕ್ಕು ಹಿಡಿಯುತ್ತದೆ. ಆದರೆ ಬೇಸಿಗೆಯಲ್ಲಿ ಎಂಜಿನ್ ಎಣ್ಣೆ ತೆಳುವಾಗಿರುವುದರಿಂದ ದುರ್ಬಲ ಬ್ಯಾಟರಿಯೂ ಅದನ್ನು ತಿರುಗಿಸಿಬಿಡುತ್ತದೆ. ದೋಷ ಅಡಗಿಕೊಂಡಿರುತ್ತದೆ.

ಮಳೆಗಾಲ ಬಂದೊಡನೆ ಕೆಲಸ ಹೆಚ್ಚುತ್ತದೆ. ಹಗಲಲ್ಲೂ ದೀಪ ಬೇಕು, ವೈಪರ್ ನಿಲ್ಲಿಸುವಂತಿಲ್ಲ. ಹಾಲಿನ ಡೈರಿಗೋ ಅಂಗಡಿಗೋ ಎರಡು ಮೈಲಿ ಹೋಗಿ ಬಂದರೆ ಸೆಲ್ಫ್ ಹೊಡೆದಾಗ ಖರ್ಚಾದ ಕರೆಂಟು ಮರಳಿ ತುಂಬುವುದಿಲ್ಲ. ಜಡಿಮಳೆಯ ವಾರಗಳಲ್ಲಿ ಗಾಡಿ ಹೊರಡುವುದೇ ಇಲ್ಲ. ಹೀಗೆ ಅರೆ ಚಾರ್ಜಿನಲ್ಲಿ ನಿಂತ ಬ್ಯಾಟರಿಯಲ್ಲಿ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಆ ಹರಳು ಆಮೇಲೆ ಚಾರ್ಜಿಗೆ ಕರಗುವುದಿಲ್ಲ. ಬೇಸಿಗೆಯಲ್ಲಿ ಸೊರಗಿದ್ದ ಬ್ಯಾಟರಿ ಆರಿದ್ರಾ ಅಥವಾ ಪುನರ್ವಸು ಮಳೆಯಲ್ಲಿ ಮಲಗುವುದು ಈ ಕಾರಣದಿಂದ.

ತಳ್ಳಿ ಹೊರಡಿಸುವ ಕಾಲ ಮುಗಿಯಿತು

ಹಳೆಯ ಜೀಪುಗಳಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬಹುದಿತ್ತು. ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಉರುಳಿಸಿ ಗೇರಿಗೆ ಹಾಕುವುದು ಇಂದಿಗೂ ನಮ್ಮಲ್ಲಿ ರೂಢಿ. ಆದರೆ ಕೆಸರಾದ ಅಂಗಳದಲ್ಲಿ ನಾಲ್ಕು ಜನ ತಳ್ಳಿದರೂ ಗಾಡಿ ಜಾರುತ್ತದೆಯೇ ಹೊರತು ಚಕ್ರ ಎಂಜಿನ್ನನ್ನು ತಿರುಗಿಸುವುದಿಲ್ಲ. ಈಚಿನ ಡೀಸೆಲ್ ಗಾಡಿಗಳಲ್ಲಿ ಇಂಧನ ಬಿಡುವ ಕೆಲಸವನ್ನೂ ಎಲೆಕ್ಟ್ರಾನಿಕ್ ಉಪಕರಣವೇ ಮಾಡುತ್ತದೆ. ಬ್ಯಾಟರಿ ಪೂರ್ಣ ಬರಿದಾಗಿದ್ದರೆ ಎಷ್ಟು ಉರುಳಿಸಿದರೂ ಅವು ಹೊರಡವು. ಇಳಿಜಾರನ್ನು ನಂಬಿ ಹಳೆಯ ಬ್ಯಾಟರಿಯನ್ನು ಇನ್ನೊಂದು ಮಳೆಗಾಲಕ್ಕೆ ಎಳೆಯುವುದು ಸರಿಯಲ್ಲ.

ಮೊದಲು ಇತರ ದೋಷಗಳನ್ನು ನೋಡಿ

ಸೆಲ್ಫ್ ಎತ್ತಲಿಲ್ಲವೆಂದ ಮಾತ್ರಕ್ಕೆ ಬ್ಯಾಟರಿಯೇ ಕೆಟ್ಟಿದೆ ಎನ್ನಲಾಗದು. ಹಣ ಖರ್ಚು ಮಾಡುವ ಮೊದಲು ಈ ಕೆಳಗಿನವನ್ನು ಪರೀಕ್ಷಿಸಬೇಕು.

1. ಟರ್ಮಿನಲ್‌ಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ? ಅಡುಗೆ ಸೋಡ ಕರಗಿಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಬೇಕು. ಸೋಡದ ನೀರು ಸೆಲ್‌ನ ಒಳಗೆ ಹೋಗಬಾರದು.

2. ಎಂಜಿನ್ ಓಡುತ್ತಿರುವಾಗ ಟರ್ಮಿನಲ್‌ಗಳ ನಡುವೆ 13.8ರಿಂದ 14.5 ವೋಲ್ಟ್ ಇರಬೇಕು. ಕಡಿಮೆಯಿದ್ದರೆ ಬೆಲ್ಟ್ ಸಡಿಲವಾಗಿರಬಹುದು, ಇಲ್ಲವೆ ಡೈನಮೋ ಅಥವಾ ಆಲ್ಟರ್ನೇಟರ್ ಕೆಟ್ಟಿರಬಹುದು. ಅದನ್ನು ಸರಿಪಡಿಸದೆ ಹೊಸ ಬ್ಯಾಟರಿ ಹಾಕಿದರೆ ಅದೂ ಬೇಗ ಹಾಳಾಗುತ್ತದೆ.

3. ಸಂಜೆ ಗೋಡೆಗೆ ಎದುರಾಗಿ ಗಾಡಿ ನಿಲ್ಲಿಸಿ, ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ಬೆಳಕು ಸ್ವಲ್ಪ ಕುಗ್ಗಿ ಎಂಜಿನ್ ಚುರುಕಾಗಿ ತಿರುಗಿದರೆ ಬ್ಯಾಟರಿ ಚೆನ್ನಾಗಿದೆ. ಬೆಳಕು ನಂದುವಷ್ಟು ಕುಗ್ಗಿದರೆ ಬ್ಯಾಟರಿ ಅಥವಾ ಅದರ ಜೋಡಣೆ ದುರ್ಬಲ. ಬೆಳಕು ಕುಗ್ಗದೆ 'ಟಕ್' ಎಂದಷ್ಟೇ ಆದರೆ ದೋಷ ಸ್ಟಾರ್ಟರಿನ ಕಡೆಗಿರುವ ಸಂಭವ ಹೆಚ್ಚು.

ಮೂರು ಅಳತೆಗಳು

ಮೇಲಿನವು ಸರಿಯಿದ್ದ ಬಳಿಕ ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿಸಿ, ಒಂದು ರಾತ್ರಿ ಹಾಗೆಯೇ ಬಿಟ್ಟು, ಮರುದಿನ ಅಳೆಯಬೇಕು. ಅರೆ ಚಾರ್ಜಿನ ಬ್ಯಾಟರಿಯನ್ನು ಅಳೆದರೆ ಒಳ್ಳೆಯದೂ ಕೆಟ್ಟದ್ದಾಗಿ ಕಾಣುತ್ತದೆ.

ಮೊದಲನೆಯದು, ಹೈಡ್ರೋಮೀಟರ್. ಮುಚ್ಚಳವಿರುವ ಬ್ಯಾಟರಿಯಲ್ಲಿ ಆರು ಸೆಲ್‌ಗಳ ಆಮ್ಲದ ಸಾಂದ್ರತೆಯನ್ನು ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಬಿಸಿ ನಾಡಿಗೆಂದು ತಯಾರಾದ ಬ್ಯಾಟರಿಗಳಲ್ಲಿ ಪೂರ್ಣ ಚಾರ್ಜಿನ ಅಂಕೆ 1.240ರ ಸುಮಾರಿಗೂ ಇತರವುಗಳಲ್ಲಿ 1.280ರವರೆಗೂ ಇರುತ್ತದೆ. ತಯಾರಕರ ಕೈಪಿಡಿಯಲ್ಲಿ ಕೊಟ್ಟ ಅಂಕೆಯನ್ನೇ ಆಧಾರವಾಗಿಟ್ಟುಕೊಳ್ಳಿ. ಒಟ್ಟು ಅಂಕೆಗಿಂತ ಸೆಲ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಐದು ಸೆಲ್‌ಗಳು 1.240ರ ಆಸುಪಾಸಿನಲ್ಲಿದ್ದು ಒಂದು ಮಾತ್ರ 1.170 ತೋರಿಸಿದರೆ ಆ ಸೆಲ್ ಸಾಯುತ್ತಿದೆ ಎಂದರ್ಥ. ವ್ಯತ್ಯಾಸ 0.050 ದಾಟಿದರೆ ಆ ಬ್ಯಾಟರಿಯನ್ನು ನಂಬಬಾರದು. ಒಂದು ಹಲಗೆ ಮುರಿದ ಕಾಲುಸಂಕದಂತೆ, ಉಳಿದ ಐದು ಗಟ್ಟಿಯಿದ್ದೂ ಪ್ರಯೋಜನವಿಲ್ಲ.

ಎರಡನೆಯದು, ವೋಲ್ಟ್ ಮೀಟರ್. ರಾತ್ರಿಯಿಡೀ ವಿಶ್ರಾಂತಿ ಪಡೆದ ಬ್ಯಾಟರಿ 12.5 ವೋಲ್ಟ್ ಅಥವಾ ಹೆಚ್ಚು ತೋರಿಸಬೇಕು. ಪೂರ್ಣ ಚಾರ್ಜ್ ಮಾಡಿಸಿದ ಮೇಲೂ 12.2ಕ್ಕೆ ಇಳಿದಿದ್ದರೆ ಅದು ಚಾರ್ಜನ್ನು ಹಿಡಿದಿಡುತ್ತಿಲ್ಲ. 10.5ರ ಸುಮಾರಿಗಿದ್ದರೆ ಒಂದು ಸೆಲ್ ಪೂರ್ಣ ಸತ್ತಿದೆ. ಈ ಅಳತೆ ತೆಗೆಯುವಾಗ ತಂತಿಗಳನ್ನು ಬಿಚ್ಚಿಟ್ಟಿರಬೇಕು. ಇಲ್ಲದಿದ್ದರೆ ಗಾಡಿಯಲ್ಲೇ ಕರೆಂಟು ಸೋರುತ್ತಿದ್ದರೂ ಅಪವಾದ ಬ್ಯಾಟರಿಯ ಮೇಲೆ ಬರುತ್ತದೆ.

ಮೂರನೆಯದು, ಹೊರೆಯ ಪರೀಕ್ಷೆ. ತಂತಿಗಳನ್ನು ಮತ್ತೆ ಜೋಡಿಸಿ, ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡಬೇಕು. ಮುಳ್ಳು 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಎಂಜಿನ್ ಆ ಹೊತ್ತಿಗೆ ಹೊರಟರೂ ಬ್ಯಾಟರಿಯಲ್ಲಿ ಶಕ್ತಿ ಉಳಿದಿಲ್ಲ. ಮುಚ್ಚಳವಿಲ್ಲದ, ನೀರು ಬೇಡದ ಬ್ಯಾಟರಿಗಳಿಗೆ ಎರಡನೆಯ ಮತ್ತು ಮೂರನೆಯ ಪರೀಕ್ಷೆಗಳೇ ಆಧಾರ. ಅವುಗಳ ಮೇಲಿನ ಹಸಿರು ಕಣ್ಣು ಒಂದೇ ಸೆಲ್‌ನ ಸ್ಥಿತಿಯನ್ನು ಹೇಳುತ್ತದೆ. ಅದನ್ನು ನೋಡಿ ನಿಶ್ಚಿಂತರಾಗಬಾರದು.

ತೀರ್ಮಾನಿಸುವ ಕ್ರಮ

ಬ್ಯಾಟರಿಗಳ ಬಾಳಿಕೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಆದರೆ ವಯಸ್ಸನ್ನಷ್ಟೇ ನೋಡಿ ಬಿಸಾಡುವುದೂ ತಪ್ಪು, ಇನ್ನೂ ಎರಡೇ ವರ್ಷವಾಯಿತೆಂದು ಕಣ್ಣುಮುಚ್ಚಿ ನಂಬುವುದೂ ತಪ್ಪು. ವಯಸ್ಸು ಮತ್ತು ಅಳತೆ ಎರಡನ್ನೂ ಸೇರಿಸಿ ನೋಡಬೇಕು.

ಅ) ಮೂರು ವರ್ಷದ ಒಳಗಿದ್ದು, ಮೂರು ಅಳತೆಗಳೂ ಸರಿಯಿದ್ದರೆ: ಇಟ್ಟುಕೊಳ್ಳಿ. ಮುಂದಿನ ಮೇ ತಿಂಗಳಲ್ಲಿ ಮತ್ತೆ ಪರೀಕ್ಷಿಸಿ.

ಆ) ಮೂರು ವರ್ಷ ದಾಟಿದ್ದು, ಅಳತೆಗಳು ಸರಿಯಿದ್ದರೆ: ಇಟ್ಟುಕೊಳ್ಳಬಹುದು. ಆದರೆ ದೀಪಾವಳಿಯ ಬಳಿಕ, ಅಡಿಕೆ ಸುಲಿತ ಮತ್ತು ಚಳಿಯ ಮುಂಜಾವುಗಳು ತೊಡಗುವ ಮೊದಲು ಇನ್ನೊಮ್ಮೆ ಅಳೆಯಿರಿ.

ಇ) ಯಾವುದೇ ಒಂದು ಅಳತೆ ಅನುಮಾನಾಸ್ಪದವಾಗಿದ್ದರೆ: ಮತ್ತೆ ನಿಧಾನವಾಗಿ ಚಾರ್ಜ್ ಮಾಡಿಸಿ, ಒಂದು ವಾರದ ಬಳಿಕ ಪರೀಕ್ಷಿಸಿ. ಎರಡನೆಯ ಬಾರಿಯೂ ಸೋತರೆ ವಯಸ್ಸು ಎಷ್ಟೇ ಇರಲಿ ಬದಲಿಸಿ. ಖಾತರಿಯ ಅವಧಿ ಉಳಿದಿದ್ದರೆ ಕಾರ್ಡಿನೊಡನೆ ಅಂಗಡಿಗೆ ಒಯ್ಯಿರಿ.

ಈ) ಪೆಟ್ಟಿಗೆ ಉಬ್ಬಿದ್ದರೆ, ಸೀಳಿದ್ದರೆ, ಆಮ್ಲ ಒಸರುತ್ತಿದ್ದರೆ: ಪರೀಕ್ಷೆಯ ಅಗತ್ಯವಿಲ್ಲ. ಕೂಡಲೇ ತೆಗೆಯಿರಿ.

ಇನ್ನೂ ಆರು ತಿಂಗಳು ನಡೆದೀತು ಎನ್ನುವವರು ಒಂದು ಲೆಕ್ಕ ಹಾಕಿ ನೋಡಬೇಕು. ಬ್ಯಾಟರಿಯ ಬೆಲೆ 6,000 ರೂಪಾಯಿ, ಬಾಳಿಕೆ 48 ತಿಂಗಳು ಎಂದಿಟ್ಟುಕೊಳ್ಳೋಣ. ತಿಂಗಳಿಗೆ ಬೀಳುವ ಖರ್ಚು 125 ರೂಪಾಯಿ. ಆರು ತಿಂಗಳು ಮೊದಲೇ ಬದಲಿಸಿದರೆ ಆಗುವ ನಷ್ಟ 750 ರೂಪಾಯಿ. ಮಳೆಯ ರಾತ್ರಿಯಲ್ಲಿ ಪೇಟೆಯಿಂದ ಬಾಡಿಗೆ ಗಾಡಿಯನ್ನೋ ಮೆಕ್ಯಾನಿಕ್ಕನ್ನೋ ಒಮ್ಮೆ ಕರೆಸಿದರೆ ಆ ಹಣ ಮುಗಿಯುತ್ತದೆ, ಅದೂ ಅವರು ಬರಲು ಒಪ್ಪಿದರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಸಿಂಪಡಿಸುವ ನಾವು, ಬ್ಯಾಟರಿಯ ವಿಷಯದಲ್ಲೂ ಅದೇ ಬುದ್ಧಿಯನ್ನು ಉಪಯೋಗಿಸಬೇಕು. ಮೈಲುತುತ್ತ ತರಲು ಪೇಟೆಗೆ ಹೋಗುವ ದಿನವೇ ಬ್ಯಾಟರಿಯನ್ನೂ ಪರೀಕ್ಷೆಗೆ ಒಯ್ದರೆ ಬೇರೆ ಓಡಾಟ ತಪ್ಪುತ್ತದೆ.

ಮನೆಯಲ್ಲಿ ಬೇರೆ ಗಾಡಿಯಿದ್ದರೆ ಅಥವಾ ನೆರೆಮನೆ ಕೂಗಳತೆಯಲ್ಲಿದ್ದರೆ ತುಸು ಕಾಯಬಹುದು. ಒಂಟಿ ಮನೆ, ಒಂದೇ ಗಾಡಿ, ಜೊತೆಗೆ ಬಸುರಿ ಹೆಂಗಸರೋ ಕಾಯಿಲೆಯವರೋ ಇದ್ದರೆ ಅನುಮಾನ ಬಂದಾಗಲೇ ಬದಲಿಸುವುದು ಕ್ಷೇಮ.

ಹೊಸದನ್ನು ಕೊಳ್ಳುವಾಗ

ಗಾಡಿಯ ಕೈಪಿಡಿಯಲ್ಲಿ ಹೇಳಿದ ಆಂಪಿಯರ್-ಅವರ್, ಅಳತೆ ಮತ್ತು ಟರ್ಮಿನಲ್‌ಗಳ ದಿಕ್ಕು ಸರಿಹೊಂದುವುದನ್ನೇ ಕೊಳ್ಳಬೇಕು. ತಯಾರಾದ ತಿಂಗಳನ್ನು ಕೇಳಿ ತಿಳಿಯಿರಿ. ಅಂಗಡಿಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಕುಳಿತ ಬ್ಯಾಟರಿ ಬೇಡ. ಖಾತರಿ ಕಾರ್ಡಿನಲ್ಲಿ ತಾರೀಖು, ಮೊಹರು ಹಾಕಿಸಿಕೊಳ್ಳಿ.

ಹಳೆಯದನ್ನು ಅಂಗಡಿಗೇ ಹಿಂದಿರುಗಿಸಿದರೆ ಬೆಲೆಯಲ್ಲಿ ಸೋಡಿ ಸಿಗುತ್ತದೆ. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ತೋಟದ ಮೂಲೆಯಲ್ಲಿ ಬಿಸುಟರೆ ಸೀಸ ಮತ್ತು ಆಮ್ಲ ಮಣ್ಣಿಗಿಳಿದು ಕೆರೆ, ಬಾವಿಯ ನೀರನ್ನು ಸೇರುತ್ತವೆ. ಸೀಸದ ವಿಷ ಮಕ್ಕಳಿಗೆ ಬಹಳ ಕೆಟ್ಟದ್ದು. ಹಳೆಯದನ್ನು ಮನೆಯ ಇನ್ವರ್ಟರಿಗೆ ಜೋಡಿಸುವುದೂ ಲಾಭವಲ್ಲ. ಗಾಡಿಯ ಬ್ಯಾಟರಿ ಕ್ಷಣಕಾಲ ಭಾರಿ ಕರೆಂಟು ಕೊಡಲು ತಯಾರಾದದ್ದು. ಗಂಟೆಗಟ್ಟಲೆ ಬರಿದಾಗುವ ಕೆಲಸಕ್ಕೆ ಅದು ಬಾಳುವುದಿಲ್ಲ.

ಮಳೆಗಾಲದಲ್ಲಿ ಪಾಲನೆ

* ಹತ್ತು ಹದಿನೈದು ದಿನಕ್ಕೊಮ್ಮೆ ಗಾಡಿಯನ್ನು ಮುಕ್ಕಾಲು ಗಂಟೆಯಾದರೂ ರಸ್ತೆಯಲ್ಲಿ ಓಡಿಸಿ. ಅಂಗಳದಲ್ಲಿ ಐದು ನಿಮಿಷ ಎಂಜಿನ್ ಹಚ್ಚಿಡುವುದರಿಂದ ಬ್ಯಾಟರಿ ತುಂಬುವುದಿಲ್ಲ.

* ತಿಂಗಳಿಗೊಮ್ಮೆ ದ್ರವದ ಮಟ್ಟ ನೋಡಿ. ಫಲಕ ಮುಳುಗುವಷ್ಟು ಬಟ್ಟಿ ಇಳಿಸಿದ ನೀರನ್ನೇ ಹಾಕಿ. ಅಬ್ಬಿ ನೀರು, ಬಾವಿ ನೀರು, ಸೂರಿನ ಮಳೆನೀರು ನೋಡಲು ಎಷ್ಟೇ ತಿಳಿಯಾಗಿದ್ದರೂ ಅವುಗಳಲ್ಲಿ ಕಬ್ಬಿಣ ಮತ್ತಿತರ ಲವಣಗಳು ಸೇರಿರಬಹುದು. ಮೇಲಿಂದ ಆಮ್ಲ ಹಾಕಬೇಡಿ.

* ಬ್ಯಾಟರಿಯ ಮೇಲ್ಭಾಗವನ್ನು ಒಣಗಿಸಿಡಿ. ತೇವ ಮತ್ತು ಕೆಸರಿನ ಮೂಲಕ ಕರೆಂಟು ಸೋರುತ್ತದೆ.

* ವಾರಗಟ್ಟಲೆ ಗಾಡಿ ನಿಲ್ಲುವುದಾದರೆ, ಕೈಪಿಡಿ ಒಪ್ಪಿದರೆ, ಮೈನಸ್ ತಂತಿಯನ್ನು ಬಿಚ್ಚಿಡಿ.

ಎಚ್ಚರಿಕೆ: ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲ ಕಿಡಿ ತಾಗಿದರೆ ಸಿಡಿಯುತ್ತದೆ. ಹತ್ತಿರ ಬೀಡಿ, ದೀಪ, ಬೆಂಕಿಕಡ್ಡಿ ಬೇಡ. ಬಿಚ್ಚುವಾಗ ಮೈನಸ್ ತಂತಿ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಆಮ್ಲ ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷಕ್ಕೂ ಹೆಚ್ಚು ಹೊತ್ತು ಶುದ್ಧ ನೀರಿನಿಂದ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ಬ್ಯಾಟರಿ ಕೊಂಡ ತಾರೀಖು ಮತ್ತು ಪ್ರತಿ ವರ್ಷದ ಅಳತೆಗಳನ್ನು ತೋಟದ ಲೆಕ್ಕದ ಪುಸ್ತಕದಲ್ಲೇ ಒಂದು ಪುಟದಲ್ಲಿ ಬರೆದಿಡಿ. ಕಳೆದ ವರ್ಷಕ್ಕಿಂತ ಈ ವರ್ಷ ಎಷ್ಟು ಇಳಿದಿದೆ ಎಂಬುದು ಆ ಪುಟದಿಂದ ತಿಳಿಯುತ್ತದೆ. ಮೃಗಶಿರಾ ಮಳೆ ಹಿಡಿಯುವ ಮೊದಲು ಈ ಕೆಲಸ ಮುಗಿಸಿಕೊಂಡ ರೈತರು ನಡುರಾತ್ರಿ ಯಾರು ಬಾಗಿಲು ತಟ್ಟಿದರೂ ಧೈರ್ಯವಾಗಿ ಗಾಡಿ ಹೊರಡಿಸಬಹುದು.