ಕರಿಗಣ್ಣಿನ ಖಂಡ ಹುಟ್ಟಿದ ಕಥೆ

2023ರಲ್ಲಿ ತೆರೆಕಂಡ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಆನರ್ ಅಮಂಗ್ ಥೀವ್ಸ್’ ಚಿತ್ರಕ್ಕೆ ಮೂಲ ಒಂದು ಆಟ. ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಆ ಆಟವನ್ನು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದರು. ಜಗತ್ತಿನ ಹೆಚ್ಚಿನ ಕಡೆ ಈ ಬಗೆಯ ಆಟವೆಂದರೆ ಮೊದಲು ನೆನಪಾಗುವುದು ಅದೇ. ಜರ್ಮನರಿಗೆ ಮಾತ್ರ ಸ್ವಂತದ್ದೊಂದಿದೆ: ‘ದಾಸ್ ಶ್ವಾರ್ಟ್ಸೆ ಔಗೆ’, ಎಂದರೆ ಕರಿಗಣ್ಣು.

ಇಂಥ ಆಟ ಹೇಗಿರುತ್ತದೆಂದು ತಾಳಮದ್ದಳೆ ಕೇಳಿದವರಿಗೆ ವಿವರಿಸುವುದು ಸುಲಭ. ವೇಷವಿಲ್ಲ, ರಂಗವಿಲ್ಲ, ಕುಳಿತಲ್ಲೇ ಮಾತು. ಭಾಗವತರಂತೆ ಒಬ್ಬರು ಪ್ರಸಂಗ ನಡೆಸುತ್ತಾರೆ, ಉಳಿದವರು ತಮ್ಮ ಪಾತ್ರದ ಮಾತನ್ನು ಅಲ್ಲೇ ಕಟ್ಟುತ್ತಾರೆ. ವ್ಯತ್ಯಾಸವೆಂದರೆ ಇಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ. ಏಟು ತಗುಲಿತೋ ತಪ್ಪಿತೋ, ದಾಳವೇ ಹೇಳಬೇಕು.

1980ರ ದಶಕದ ಆರಂಭದಲ್ಲಿ ಆಟಿಕೆ ಕಂಪನಿ ಶ್ಮಿಟ್ ಶ್ಪೀಲೆ ಅಮೆರಿಕದ ಆಟವನ್ನೇ ಜರ್ಮನಿಗೆ ತರಲು ಹೊರಟಿತ್ತು. ಹಕ್ಕಿಗೆ ಕೇಳಿದ ಹಣ ದುಬಾರಿಯೆನಿಸಿತು. ಹಾಗಾದರೆ ನಮ್ಮದೇ ಒಂದನ್ನು ಮಾಡೋಣ ಎಂದು ಕಂಪನಿಯೂ ಡ್ರೋಮರ್ ಕ್ನೌರ್ ಪ್ರಕಾಶನವೂ ಸೇರಿ ಉಲ್ರಿಶ್ ಕೀಸೋ ಅವರನ್ನು ಹಿಡಿದರು. ವಿದೇಶಿ ಆಟಗಳನ್ನು ಜರ್ಮನ್‌ಗೆ ಅನುವಾದಿಸಿ ಪಳಗಿದ್ದ ಕೀಸೋ, ವೆರ್ನರ್ ಫುಕ್ಸ್ ಮತ್ತು ಹಾನ್ಸ್ ಯೋಆಖಿಮ್ ಆಲ್ಪರ್ಸ್ ಜೊತೆಗೂಡಿ ಆಗಷ್ಟೇ ‘ಫ್ಯಾಂಟಸಿ ಪ್ರೊಡಕ್ಷನ್ಸ್’ ಸಂಸ್ಥೆ ಆರಂಭಿಸಿದ್ದರು. ಬಿಡುವಿಲ್ಲದೆ ಬರೆದ ಆಟ 1984ರಲ್ಲಿ ಮಾರುಕಟ್ಟೆಗೆ ಬಂತು. ವೋಲ್ಫ್‌ಗಾಂಗ್ ಪೀಟರ್ಸನ್ ಅವರ ‘ಮುಗಿಯದ ಕಥೆ’ ಸಿನಿಮಾ ಜರ್ಮನ್ ಚಿತ್ರಮಂದಿರಗಳಿಗೆ ಬಂದದ್ದೂ ಅದೇ ವರ್ಷ. ಕಲ್ಪಿತ ಲೋಕಗಳಿಗೆ ಅದು ಒಳ್ಳೆಯ ಕಾಲ.

ನಿಯಮಗಳು ಸರಳವಾಗಿದ್ದವು. ಧೈರ್ಯ, ಬುದ್ಧಿ, ವರ್ಚಸ್ಸು, ಚುರುಕು, ಮೈಬಲ ಎಂಬ ಐದು ಗುಣ. ಒಂದೊಂದಕ್ಕೂ ದಾಳ ಎಸೆದು ಬಂದ ಅಂಕಿಗೆ 7 ಕೂಡಿಸಿದರೆ ನಾಯಕ ಸಿದ್ಧ. ಆದರೆ ಆಟವನ್ನು ಉಳಿಸಿದ್ದು ನಿಯಮಗಳಲ್ಲ, ಅವೆಂಟೂರಿಯನ್ ಎಂಬ ಅದರ ಖಂಡ ಎಂದೇ ನನ್ನ ನಂಬಿಕೆ. ಆ ಖಂಡಕ್ಕೆ ಸ್ವಂತ ಪಂಚಾಂಗವಿದೆ, ಹನ್ನೆರಡು ದೇವತೆಗಳಿದ್ದಾರೆ. ಅಲ್ಲಿನ ಸುದ್ದಿ ಹೊತ್ತು ತರಲು 1985ರಿಂದ ‘ಅವೆಂಟೂರಿಷರ್ ಬೋಟೆ’ ಎಂಬ ಪತ್ರಿಕೆಯೇ ಇದೆ. ರಾಜ ಸತ್ತರೆ ಅಲ್ಲಿ ಸುದ್ದಿ, ಯುದ್ಧವಾದರೆ ಅಲ್ಲಿ ವರದಿ. 1990ರ ದಶಕದಲ್ಲಿ ಬೊರ್ಬರಾದ್ ಎಂಬ ದುಷ್ಟ ಮಾಂತ್ರಿಕ ಮರಳಿ ಬರುವ ಕಥಾಸರಣಿ ವರ್ಷಗಟ್ಟಲೆ ನಡೆಯಿತು. ಅದು ಮುಗಿಯುವಷ್ಟರಲ್ಲಿ ಖಂಡದ ನಕ್ಷೆಯೇ ಬದಲಾಗಿತ್ತು. ಓದುಗರೂ ಆಟಗಾರರೂ ಒಟ್ಟಿಗೆ ವಯಸ್ಸಾದಂತೆ ಆ ಲೋಕಕ್ಕೂ ವಯಸ್ಸಾಯಿತು.

1997 ಕೆಟ್ಟ ವರ್ಷ. ಜನವರಿಯಲ್ಲಿ ಕೀಸೋ 47ನೇ ವಯಸ್ಸಿಗೇ ತೀರಿಕೊಂಡರು. ಶ್ಮಿಟ್ ಶ್ಪೀಲೆ ದಿವಾಳಿಯಾಯಿತು. ಆಟ ಮಾತ್ರ ನಿಲ್ಲಲಿಲ್ಲ. ಗೆಳೆಯರ ಸಂಸ್ಥೆಯೇ ಅದನ್ನು ವಹಿಸಿಕೊಂಡಿತು, 2007ರಿಂದ ಉಲಿಸೆಸ್ ಶ್ಪೀಲೆ ನಡೆಸುತ್ತಿದೆ, 2015ರಲ್ಲಿ ಐದನೇ ಆವೃತ್ತಿ ಬಂತು. ನೂರಕ್ಕೂ ಹೆಚ್ಚು ಕಾದಂಬರಿಗಳು ಈ ಲೋಕದಲ್ಲಿ ನಡೆಯುತ್ತವೆ. ಪರದೆಗೆ ಅದು ಬಂದದ್ದು ಹೆಚ್ಚಾಗಿ ಕಂಪ್ಯೂಟರ್ ಆಟಗಳ ದಾರಿಯಲ್ಲಿ: 1992ರಲ್ಲಿ ‘ಶಿಕ್ಸಾಲ್ಸ್‌ಕ್ಲಿಂಗೆ’, 2008ರಲ್ಲಿ ‘ಡ್ರಾಕೆನ್ಸಾಂಗ್’.

ಹಾಲಿವುಡ್ ಚಿತ್ರ ನೋಡಿ ಖುಷಿಪಟ್ಟ ನಮ್ಮ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ಆಶುವಾಗಿ ಮಾತು ಕಟ್ಟುವ ಪರಂಪರೆ ನಮ್ಮ ಕರಾವಳಿಯಲ್ಲೂ ಮಲೆನಾಡಿನಲ್ಲೂ ಇವತ್ತಿಗೂ ಜೀವಂತವಾಗಿದೆ. ಇಂಗ್ಲಿಷ್ ಆಟವನ್ನು ಆಡಿ ಕಲಿಯಿರಿ. ಆಮೇಲೆ ನಾಲ್ಕು ಜನ ಕೂತು, ಕನ್ನಡದಲ್ಲೇ ಆಡುವ ಒಂದು ಲೋಕವನ್ನು ಬರೆಯಲು ಶುರುಮಾಡಿ.