ಡಬ್ಬ ತಿರುಗಿಸಿ ನೋಡಿ, ಆಮೇಲೆ ಬುಟ್ಟಿಗೆ ಹಾಕಿ

ಓದಿಗೋ ಕೆಲಸಕ್ಕೋ ಇಂಗ್ಲೆಂಡಿಗೆ ಹೋದ ನಮ್ಮವರಿಗೆ ಅಲ್ಲಿನ ಸೂಪರ್‌ಮಾರ್ಕೆಟ್ ಒಂದು ಸಣ್ಣ ಅಚ್ಚರಿ. ಟೆಸ್ಕೊ, ಸೇನ್ಸ್‌ಬರೀಸ್, ವೇಟ್‌ರೋಸ್ ಯಾವುದಕ್ಕೇ ಹೋಗಿ, ಹಾಲು, ಬ್ರೆಡ್ಡು, ಸೋಪಿನ ಸಾಲು ದಾಟಿದರೆ ಬಿಯರಿನ ಸಾಲು. ವೈನ್‌ಶಾಪಿನ ಕೌಂಟರಿನಲ್ಲಿ ಕೊಟ್ಟದ್ದನ್ನು ತಂದು ರೂಢಿಯಾದವರು ಕ್ರಾಫ್ಟ್ ಬಿಯರಿನ ಬಣ್ಣಬಣ್ಣದ ಡಬ್ಬಗಳೆದುರು ತಬ್ಬಿಬ್ಬಾಗುತ್ತಾರೆ. ಕೊನೆಗೆ ಯಾವುದರ ಚಿತ್ರ ಚೆನ್ನಾಗಿದೆಯೋ ಅದನ್ನು ಎತ್ತಿಕೊಳ್ಳುತ್ತಾರೆ. ಆದರೆ ನೋಡಬೇಕಾದ್ದು ಡಬ್ಬದ ಹಿಂಬದಿ ಮತ್ತು ತಳ.

ಸಣ್ಣ ತಯಾರಕರ ಕೈಕೆಲಸ ಎಂಬರ್ಥದ 'ಕ್ರಾಫ್ಟ್' ಹೆಸರನ್ನು ನಂಬಿ ಕೊಳ್ಳಬೇಡಿ. ಬ್ರಿಟನ್ನಿನಲ್ಲಿ ಆ ಮಾತಿಗೆ ಕಾನೂನಿನ ವ್ಯಾಖ್ಯೆಯಿಲ್ಲ. ಲಂಡನ್ನಿನ ಕ್ಯಾಮ್ಡೆನ್ ಟೌನ್ ಬ್ರೂವರಿಯನ್ನು 2015ರಲ್ಲಿ ಬಹುರಾಷ್ಟ್ರೀಯ ಬಿಯರ್ ದೈತ್ಯ ಎಬಿ ಇನ್‌ಬೆವ್ ಕೊಂಡಿತು. ತಲೆಬುರುಡೆ ಚಿತ್ರದ ಬೀವರ್‌ಟೌನ್ 2022ರಲ್ಲಿ ಪೂರ್ತಿಯಾಗಿ ಹೈನೆಕೆನ್ ಕೈಸೇರಿತು. ದೊಡ್ಡವರ ಬಿಯರೆಲ್ಲ ಕಳಪೆ ಎಂದೇನೂ ಅಲ್ಲ. ಸಣ್ಣ ತಯಾರಕರಿಗೇ ದುಡ್ಡು ಸೇರಲಿ ಎನ್ನುವವರು ಮಾತ್ರ ಹಿಂಬದಿಯ ಸಣ್ಣಕ್ಷರ ಓದಿದರೆ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯ, ತಾರೀಖು. ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್, ಹಿಂದೆ ಹಡಗಿನಲ್ಲಿ ನಮ್ಮ ದೇಶಕ್ಕೆ ಬರುತ್ತಿದ್ದ, ಹಾಪ್ಸ್ ಹೂವನ್ನು ಧಾರಾಳವಾಗಿ ಹಾಕಿದ ಬಿಯರಿನಿಂದ ಹೆಸರು ಪಡೆದದ್ದು. ಆ ಹೂವೇ ಅದಕ್ಕೆ ಕಹಿಯನ್ನೂ, ಕಿತ್ತಳೆ ಸಿಪ್ಪೆ, ಮಾವಿನಂಥ ಘಮವನ್ನೂ ಕೊಡುವುದು. ಕಹಿ ಹಾಗೂಹೀಗೂ ಉಳಿಯುತ್ತದೆ, ಘಮ ಉಳಿಯುವುದಿಲ್ಲ. ಬೆಚ್ಚಗಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಐಪಿಎ ಒದ್ದೆ ರಟ್ಟಿನ ರುಚಿಗೆ ಇಳಿಯುತ್ತದೆ. ಡಬ್ಬದ ತಳದಲ್ಲಿ 'ಇಷ್ಟರೊಳಗೆ ಕುಡಿದರೆ ಉತ್ತಮ' ಎಂಬ ತಾರೀಖು ಇರುತ್ತದೆ. ಅದು ಎಷ್ಟು ದೂರವಿದ್ದರೆ ಅಷ್ಟು ತಾಜಾ. ಅಂಗಡಿಯವರು ಹಳೇ ಸರಕನ್ನು ಮುಂದಕ್ಕೆ ಎಳೆದಿಟ್ಟಿರುತ್ತಾರೆ, ಸಂಕೋಚ ಬಿಟ್ಟು ಹಿಂದಕ್ಕೆ ಕೈ ಹಾಕಿ. ಕಡುಗಪ್ಪಿನ, ಮದ್ಯಾಂಶ ಹೆಚ್ಚಿರುವ ಇಂಪೀರಿಯಲ್ ಸ್ಟೌಟಿಗೆ ಈ ಅವಸರವಿಲ್ಲ. ಅದು ಮಾಗಿದಷ್ಟೂ ಸೊಗಸು.

ಬಾಟಲಿಯಾದರೆ ಗಾಜಿನ ಬಣ್ಣ ನೋಡಿ. ಬೆಳಕು ಬಿದ್ದರೆ ಹಾಪ್ಸಿನ ಕಹಿ ಅಂಶ ಒಡೆದು ಗಂಧಕದ ನಾತ ಹುಟ್ಟುತ್ತದೆ. ಕಂದು ಗಾಜು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯುವುದಿಲ್ಲ, ಬಿಳಿ ಗಾಜು ತಡೆಯುವುದೇ ಇಲ್ಲ. ಟ್ಯೂಬ್‌ಲೈಟಿನಡಿ ಹಗಲೂ ರಾತ್ರಿ ನಿಂತ ಬಿಳಿ ಬಾಟಲಿಯನ್ನು ನಾನಂತೂ ಮುಟ್ಟುವುದಿಲ್ಲ. ಡಬ್ಬಕ್ಕೆ ಈ ಕಾಟವೇ ಇಲ್ಲ.

ಬಣ್ಣ ಕಂಡು ಅಮಲು ಅಳೆಯಬೇಡಿ. ಬಾರ್ಲಿಯನ್ನು ಕಪ್ಪಗೆ ಹುರಿದರೆ ಬಿಯರ್ ಕಪ್ಪಾಗುತ್ತದೆ, ಅಷ್ಟೆ. ಕರಿ ಗಿನ್ನೆಸ್ ಡಬ್ಬದಲ್ಲಿ ಮದ್ಯಾಂಶ ಸುಮಾರು ಶೇ 4. ಹೊಂಬಣ್ಣದ ಬೆಲ್ಜಿಯಂ ಬಿಯರ್ ಡೂವೆಲ್‌ನಲ್ಲಿ ಶೇ 8.5! ಬ್ರಿಟನ್ನಿನಲ್ಲಿ 10 ಮಿ.ಲೀ. ಶುದ್ಧ ಮದ್ಯವನ್ನು ಒಂದು ಯುನಿಟ್ ಎನ್ನುತ್ತಾರೆ. ಡರ್ಬಿಶೈರಿನ ಥಾರ್ನ್‌ಬ್ರಿಜ್‌ನವರು 2005ರಿಂದ ತಯಾರಿಸುವ 'ಜೈಪುರ್' ಐಪಿಎ ಶೇ 5.9ರದ್ದು. ಅದರ 500 ಮಿ.ಲೀ. ಬಾಟಲಿ ಖಾಲಿಯಾದರೆ ಹೆಚ್ಚುಕಡಿಮೆ ಮೂರು ಯುನಿಟ್ ಹೊಟ್ಟೆ ಸೇರಿತು. ವಾರಕ್ಕೆ 14 ಯುನಿಟ್ ಮೀರಬೇಡಿ ಎನ್ನುತ್ತದೆ ಅಲ್ಲಿನ ಆರೋಗ್ಯ ಇಲಾಖೆ.

ಮನೆಗೆ ತಂದಮೇಲೆ ಡಬ್ಬಕ್ಕೇ ಬಾಯಿ ಹಚ್ಚಿದರೆ ಕೊಟ್ಟ ದುಡ್ಡಿನ ಅರ್ಧ ದಂಡ, ಯಾಕೆಂದರೆ ರುಚಿಯ ಹೆಚ್ಚಿನ ಪಾಲು ಮೂಗಿನದು. ಸೋಪಿನ ಜಿಡ್ಡು ಉಳಿಯದಂತೆ ತೊಳೆದ ಗಾಜಿನ ಲೋಟವನ್ನು ಓರೆ ಹಿಡಿದು ಸುರಿಯಿರಿ. ಮುಕ್ಕಾಲು ತುಂಬಿದಾಗ ನೇರ ಮಾಡಿದರೆ ಎರಡು ಬೆರಳು ನೊರೆ ಏಳುತ್ತದೆ. ನೊರೆ ಬೇಗ ಸತ್ತರೆ ಮೊದಲು ಅನುಮಾನಿಸಬೇಕಾದ್ದು ಲೋಟವನ್ನು. 'ಬಾಟಲ್ ಕಂಡೀಷನ್ಡ್' ಎಂದು ಬರೆದಿದ್ದರೆ ತಳದಲ್ಲಿ ಯೀಸ್ಟಿನ ಗಸಿ ಇರುತ್ತದೆ. ಅಂಥ ಬಾಟಲಿಯನ್ನು ಕೆಲ ಗಂಟೆ ನಿಲ್ಲಿಸಿಟ್ಟು, ಅಲುಗಿಸದೆ ಸುರಿದು, ಕೊನೆಯ ಗುಟುಕನ್ನು ಬಾಟಲಿಯಲ್ಲೇ ಬಿಡಿ. ಗಸಿ ಬಿದ್ದರೂ ಅಪಾಯವಿಲ್ಲ, ಬಿಯರ್ ಮಬ್ಬಾಗುತ್ತದೆ ಅಷ್ಟೆ.

ಲಾಗರ್ ಫ್ರಿಜ್ಜಿನಿಂದ ನೇರ ಬಂದರೆ ಸರಿ. ಏಲ್, ಸ್ಟೌಟ್‌ಗಳನ್ನು 10–12 ಡಿಗ್ರಿಗೆ ಬರಲು ಬಿಡಬೇಕು. ಕೊರೆಯುವ ತಣ್ಣಗೆ ಘಮವೂ ಇಲ್ಲ, ಬಾರ್ಲಿ ಮಾಲ್ಟಿನ ಸಿಹಿಯೂ ಇಲ್ಲ. ಹಲವು ಬಗೆ ತಂದಿದ್ದರೆ ಹಗುರದಿಂದ ಗಡಸಿಗೆ ಹೋಗಿ. ಮೊದಲೇ ಕಹಿ ಐಪಿಎ ಕುಡಿದ ನಾಲಿಗೆಗೆ ಲಾಗರ್ ನೀರಿನಂತೆಯೇ.

ನಂಜಿಕೊಳ್ಳಲು ಊರಿಂದ ತಂದ ಕಾಂಗ್ರೆಸ್ ಕಡಲೆಕಾಯಿ ಇದ್ದರೆ ಐಪಿಎ ಪಕ್ಕಕ್ಕಿಡಿ. ಹಾಪ್ಸಿನ ಕಹಿ ಖಾರದ ಉರಿಯನ್ನು ಹೆಚ್ಚಿಸುತ್ತದೆ. ಖಾರಕ್ಕೆ ಗೋಧಿ ಬಿಯರೇ ವಾಸಿ.

ಅಂದಹಾಗೆ, ಅಲ್ಲಿನ ಅಂಗಡಿಗಳಲ್ಲಿ ಬಿಯರ್ ಹದಿನೆಂಟು ದಾಟಿದವರಿಗಷ್ಟೇ ಮಾರಾಟ. ನೋಡಲು ಇಪ್ಪತ್ತೈದಕ್ಕಿಂತ ಚಿಕ್ಕವರಂತೆ ಕಂಡರೆ ದಾಖಲೆ ಕೇಳುತ್ತಾರೆ, ಪಾಸ್‌ಪೋರ್ಟ್ ಜೊತೆಗಿರಲಿ. ಸ್ಕಾಟ್ಲೆಂಡಿನಲ್ಲಾದರೆ ಗಡಿಯಾರವನ್ನೂ ನೋಡಿಕೊಳ್ಳಿ: ಅಲ್ಲಿನ ಅಂಗಡಿಗಳು ಬೆಳಗ್ಗೆ ಹತ್ತಕ್ಕೆ ಮುಂಚೆಯಾಗಲಿ ರಾತ್ರಿ ಹತ್ತರ ನಂತರವಾಗಲಿ ಬಿಯರ್ ಮಾರುವಂತಿಲ್ಲ.