ಲೋಹದ ಕಣ, ಲೋಹದ ಬಾಳಿಕೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಸೀಮೆಯಲ್ಲಿ ನೇಗಿಲಿನ ಕುಳ ಸವೆದಾಗ ರೈತರು ಅದನ್ನು ಕಮ್ಮಾರನ ಕುಲುಮೆಗೆ ಒಯ್ಯುವುದು ವಾಡಿಕೆಯಾಗಿತ್ತು. ಕಾಯಿಸಿ, ಬಡಿದು, ನೀರಿಗದ್ದಿದರೆ ಕುಳಕ್ಕೆ ಮತ್ತೆ ಕಸುವು. ಕಾವು ಮಿತಿಮೀರಿದರೆ ಅದೇ ಕಬ್ಬಿಣ ಪೆಡಸಾಗಿ ಮುರಿಯುವುದು. ಲೋಹ ಒಂದೇ ಆದರೂ ಗುಣ ಬೇರೆಯಾಗುವುದೇಕೆ?

ಹೊರನೋಟಕ್ಕೆ ಅಖಂಡವಾಗಿ ಕಾಣುವ ಲೋಹವು ಒಳಗೆ ಅಸಂಖ್ಯ ಹರಳುಕಣಗಳ ಜೋಡಣೆ. ಪ್ರತಿಯೊಂದು ಕಣದಲ್ಲಿಯೂ ಪರಮಾಣುಗಳ ಸಾಲುಗಳಿಗೆ ಒಂದೊಂದು ದಿಕ್ಕು. ಪೆಟ್ಟು ಬಿದ್ದಾಗ ಈ ಸಾಲುಗಳು ಜಾರತೊಡಗುತ್ತವೆ. ಹರಿಯುವ ನೀರನ್ನು ಹೊಲದ ಬದು ತಡೆಯುವಂತೆ ಕಣದ ಎಲ್ಲೆಯು ಆ ಜಾರಿಕೆಯನ್ನು ತಡೆಯುತ್ತದೆ. ಕಣ ಸಣ್ಣದಾದಷ್ಟೂ ಎಲ್ಲೆಗಳು ಹೆಚ್ಚು. ಅಂತೆಯೇ ಬಲವೂ ಹೆಚ್ಚು. 1951ರಲ್ಲಿ ಹಾಲ್, 1953ರಲ್ಲಿ ಪೆಚ್ ಎಂಬ ವಿಜ್ಞಾನಿಗಳು ಈ ಸಂಬಂಧವನ್ನು ಲೆಕ್ಕದಲ್ಲಿ ನಿರೂಪಿಸಿದರು.

ವಿಮಾನದ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿ ಒಳಗೆ ನೂಕುವ ಅಲಗುಗಳಿಗೆ ಬಹುಮಟ್ಟಿಗೆ ಟೈಟೇನಿಯಂ ಮಿಶ್ರಲೋಹವೇ ಆಧಾರ. ಅದರ ತೂಕ ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು. ಹೆಚ್ಚು ಬಳಕೆಯಲ್ಲಿರುವ ಮಿಶ್ರಲೋಹದಲ್ಲಿ ನೂರಕ್ಕೆ ಸುಮಾರು 6 ಪಾಲು ಅಲ್ಯೂಮಿನಿಯಂ, 4 ಪಾಲು ವೆನೇಡಿಯಂ. ಗಾಳಿಯೊಡನೆ ನುಗ್ಗುವ ಮರಳೂ ಮಳೆಹನಿಯೂ ಈ ಅಲಗುಗಳನ್ನು ಕೊರೆಯುತ್ತವೆ. ಅಲಗಿನ ಆಕಾರ ಕೆಟ್ಟರೆ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಬಿರುಕು ಬೆಳೆದು ಅಲಗು ಮುರಿದರೆ ಪ್ರಾಣಕ್ಕೇ ಅಪಾಯ.

ಮರಳೂ ನೀರೂ ಕೊರೆಯುವ ಬಗೆ ಒಂದೇ ಅಲ್ಲ. ಓರೆಯಾಗಿ ಬಡಿಯುವ ಮರಳು ಉಳಿಯಂತೆ ಲೋಹವನ್ನು ಕೆತ್ತುತ್ತದೆ. ಅಲ್ಲಿ ಕಣದ ಗಾತ್ರದ ಪ್ರಭಾವ ಅಲ್ಪ. ನೀರಹನಿಯಾದರೋ ಒಂದೇ ಎಡೆಯಲ್ಲಿ ಮತ್ತೆ ಮತ್ತೆ ಬಡಿದು ಲೋಹವನ್ನು ದಣಿಸುತ್ತದೆ. ಇಲ್ಲಿ ಸಣ್ಣ ದುಂಡುಕಣಗಳು ಮೊದಲ ಬಿರುಕು ಮೂಡುವುದನ್ನು ಮುಂದೂಡುತ್ತವೆ. ಆದರೆ ಮೂಡಿದ ಬಿರುಕಿಗೆ ಅಂಕುಡೊಂಕಿನ ದಾರಿ ಹಿಡಿಸಿ ಅದನ್ನು ನಿಧಾನಗೊಳಿಸುವಲ್ಲಿ ಪದರುಪದರಾದ ರಚನೆಯೇ ಮೇಲು. ಒಂದನ್ನು ಪಡೆಯಲು ಇನ್ನೊಂದನ್ನು ಕೊಂಚ ಬಿಟ್ಟುಕೊಡಬೇಕು.

ಈ ಆಯ್ಕೆ ನಡೆಯುವುದು ಕಾವಿನಲ್ಲಿ. ಸುಮಾರು 995 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಮಿಶ್ರಲೋಹದ ಹರಳುಗಳ ಜೋಡಣೆಯೇ ಬದಲಾಗಿ ಕಣಗಳು ಬೇಗ ಹಿಗ್ಗುತ್ತವೆ. ಆರುವಾಗ ಪದರುಗಳು ಮೂಡುತ್ತವೆ. ಅದಕ್ಕಿಂತ ಕೆಳಗೆ ಕಾಯಿಸಿ ಒತ್ತಿ ಹದಗೊಳಿಸಿದರೆ ಸಣ್ಣ ಕಣ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯವು 2000 ಟನ್ನಿನ ಒತ್ತುಯಂತ್ರದಲ್ಲಿ, ಅಚ್ಚನ್ನೂ ಲೋಹವನ್ನೂ ಹೆಚ್ಚುಕಡಿಮೆ ಸಮಾನ ಕಾವಿನಲ್ಲಿರಿಸಿ, ಅಲಗುಗಳನ್ನು ಹೊರುವ ಟೈಟೇನಿಯಂ ಬಿಲ್ಲೆಗಳನ್ನು ರೂಪಿಸುವ ವಿಧಾನವನ್ನು ಸಾಧಿಸಿತೆಂದು 2021ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಎಚ್.ಎ.ಎಲ್.ಗೆ ಜಾಗ್ವಾರ್ ಮತ್ತು ಹಾಕ್ ವಿಮಾನಗಳ ಎಂಜಿನ್ನಿಗಾಗಿ ಅಂಥ 200 ಬಿಲ್ಲೆಗಳು ಸಂದಿವೆ.

ಲೋಹದ ಬಾಳಿಕೆಯನ್ನು ನಿರ್ಣಯಿಸುವುದು ಅದರ ಹೆಸರಲ್ಲ, ಅದು ಪಡೆದ ಸಂಸ್ಕಾರ.